ಮೆಸೊಅಮೆರಿಕದ ಮೊದಲ ನಗರಗಳು ಮತ್ತು ಅವುಗಳ ಯೋಜನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೆಸೊಅಮೆರಿಕ ಎಂದರೆ ಯಾವ ಪ್ರದೇಶ?

ಇಂದಿನ ಮೆಕ್ಸಿಕೊದ ಮಧ್ಯ ಮತ್ತು ದಕ್ಷಿಣ ಭಾಗಗಳು, ಗ್ವಾಟೆಮಾಲಾ, ಬೆಲೀಜ್, ಎಲ್ ಸಾಲ್ವಡಾರ್ ಹಾಗೂ ಹೊಂಡುರಾಸ್‌ನ ಪಶ್ಚಿಮ ಭಾಗ ಸೇರಿದ ನಾಡನ್ನು ವಿದ್ವಾಂಸರು ಮೆಸೊಅಮೆರಿಕ ಎಂದು ಕರೆಯುತ್ತಾರೆ. ಮೆಕ್ಕೆಜೋಳದ ಬೇಸಾಯ, 260 ದಿನಗಳ ಆಚರಣೆಯ ಪಂಚಾಂಗ, ರಬ್ಬರ್ ಚೆಂಡಿನ ಆಟ, ಮೆಟ್ಟಿಲು ಪಿರಮಿಡ್ಡುಗಳು ಇಲ್ಲಿನ ಬೇರೆ ಬೇರೆ ಭಾಷೆಯ ಜನರಲ್ಲಿ ಸಮಾನವಾಗಿದ್ದವು. ಈ ಪುಟದ ಪ್ರಶ್ನೆಗಳು ಹೆಚ್ಚಾಗಿ ಕ್ರಿ.ಪೂ. 1400ರಿಂದ ಕ್ರಿ.ಶ. 600ರವರೆಗಿನ ಅವಧಿಗೆ ಸೇರಿವೆ. ಅಂದರೆ ಆಜ್ಟೆಕರ ರಾಜಧಾನಿ ಸ್ಥಾಪನೆಯಾಗುವುದಕ್ಕೆ ನೂರಾರು ವರ್ಷಗಳ ಮೊದಲೇ ಮುಗಿದುಹೋದ ಕಥೆ ಇದು.

ಒಂದು ಪ್ರಾಚೀನ ಊರು ಯೋಜನೆಯಂತೆ ಕಟ್ಟಿದ್ದೋ ತಾನಾಗಿ ಬೆಳೆದದ್ದೋ ಎಂದು ಹೇಗೆ ತಿಳಿಯುತ್ತದೆ?

ಬೀದಿಗಳು ನೇರವಾಗಿ ಒಂದನ್ನೊಂದು ಅಡ್ಡಹಾಯ್ದಿದ್ದರೆ ಯೋಜಿತ ನಗರ, ಅಂಕುಡೊಂಕಾಗಿದ್ದರೆ ತಾನಾಗಿ ಬೆಳೆದ ಊರು ಎಂಬ ವಿಂಗಡಣೆ ಬಹುಕಾಲ ಚಾಲ್ತಿಯಲ್ಲಿತ್ತು. ಈ ಅಳತೆಗೋಲನ್ನು ಹಿಡಿದರೆ ಮೆಸೊಅಮೆರಿಕದ ಬಹುತೇಕ ನಗರಗಳು ಯೋಜನೆಯಿಲ್ಲದವು ಎಂದೇ ತೀರ್ಮಾನಿಸಬೇಕಾಗುತ್ತದೆ. ಅಲ್ಲಿನ ನೆಲವನ್ನು ಬಲ್ಲವರು ಯಾರೂ ಇದನ್ನು ಒಪ್ಪಲಾರರು. ಪುರಾತತ್ತ್ವಜ್ಞ ಮೈಕೆಲ್ ಇ. ಸ್ಮಿತ್ 2007ರಲ್ಲಿ ಮಂಡಿಸಿದ ವಾದ ಈ ಚರ್ಚೆಗೆ ಹೊಸ ದಾರಿ ತೆರೆಯಿತು. ಯೋಜನೆ ಎಂಬುದು ಇದೆ ಅಥವಾ ಇಲ್ಲ ಎಂದು ಎರಡೇ ಉತ್ತರಗಳಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ, ಅದರಲ್ಲಿ ಹಲವು ಪ್ರಮಾಣಗಳಿವೆ ಎಂಬುದು ಅವರ ನಿಲುವು. ಪರೀಕ್ಷಿಸಬೇಕಾದದ್ದು ಎರಡು ವಿಷಯಗಳನ್ನು: ಒಂದೇ ನಗರದೊಳಗಿನ ಕಟ್ಟಡಗಳು ಸ್ಥಾನ, ದಿಕ್ಕು, ಅಳತೆಗಳಲ್ಲಿ ಪರಸ್ಪರ ಹೊಂದಿಕೊಂಡಿವೆಯೇ, ಮತ್ತು ಒಂದು ಪ್ರಾಂತದ ಹಲವು ನಗರಗಳಲ್ಲಿ ಅದೇ ಮಾದರಿ ಮರುಕಳಿಸುತ್ತದೆಯೇ.

ನೆಲ ಅಗೆಯುವವರಿಗೆ ಇದಕ್ಕಿಂತ ಗಟ್ಟಿಯಾದ ಇನ್ನೊಂದು ಪರೀಕ್ಷೆ ಗೊತ್ತು, ಅದು ಕಟ್ಟಡದ ಕ್ರಮ. ಗೋಡೆಯ ಅಡಿಪಾಯಕ್ಕಿಂತ ಕೆಳಗಿನ ಸ್ತರದಲ್ಲಿ ಚರಂಡಿ ಇದ್ದು, ಮುಂದೆ ಎದ್ದ ಅಂಗಳಕ್ಕೆ ಅದು ಸರಿಯಾಗಿ ಹೊಂದಿಕೊಂಡಿದ್ದರೆ, ಗೋಡೆ ಏಳುವ ಮೊದಲೇ ಅಂಗಳ ಎಲ್ಲಿ ಬರಬೇಕೆಂದು ಯಾರೋ ಲೆಕ್ಕ ಹಾಕಿದ್ದರು ಎಂದು ಧೈರ್ಯವಾಗಿ ಹೇಳಬಹುದು. ನಕ್ಷೆ, ಶಾಸನ, ಕಡತ ಯಾವುದೂ ಉಳಿಯದ ಕಡೆ ಯೋಜನೆಯನ್ನು ಓದಬೇಕಾದದ್ದು ಈ ಹಿಂದುಮುಂದಿನ ಲೆಕ್ಕದಿಂದಲೇ. ವೈಮಾನಿಕ ಚಿತ್ರದಲ್ಲಿ ಕಾಣುವ ಸಮರೂಪತೆ ಎಷ್ಟೇ ಆಕರ್ಷಕವಾಗಿದ್ದರೂ, ಅದರಲ್ಲಿನ ಕಟ್ಟಡಗಳು ಮುನ್ನೂರು ವರ್ಷಗಳ ಅಂತರದಲ್ಲಿ ಎದ್ದವಾದರೆ ಅದನ್ನು ಒಂದೇ ಕೈಯ ಯೋಜನೆ ಎನ್ನುವಂತಿಲ್ಲ.

ತೀರಾ ಹಳೆಯ ಯೋಜಿತ ನೆಲೆಗಳು ಯಾವುವು?

ಮೆಕ್ಸಿಕೊದ ಗಲ್ಫ್ ಕರಾವಳಿಯಲ್ಲಿ ಬಾಳಿದ ಓಲ್ಮೆಕ್ ಜನರ ನೆಲೆಗಳಿಂದ ಆರಂಭಿಸುವುದು ವಾಡಿಕೆ. ವೆರಾಕ್ರುಸ್ ರಾಜ್ಯದ ಸಾನ್ ಲೊರೆಂಸೊ ಕ್ರಿ.ಪೂ. 1400ರಿಂದ 1000ದ ನಡುವೆ ಉಚ್ಛ್ರಾಯದಲ್ಲಿತ್ತು. ಅಲ್ಲಿನ ಜನರು ಒಂದು ನೈಸರ್ಗಿಕ ದಿಬ್ಬವನ್ನು ಮಣ್ಣು ತುಂಬಿ, ಅಂಚುಗಳನ್ನು ಕೆತ್ತಿ ವಿಶಾಲವಾದ ಎತ್ತರದ ನೆಲವನ್ನಾಗಿ ಮಾಡಿದರು. ಬಸಾಲ್ಟ್ ಕಲ್ಲನ್ನು ದೋಣಿಯಂತೆ ಕೊರೆದು, ಮೇಲೆ ಮುಚ್ಚಳಕಲ್ಲು ಹೊದಿಸಿ, ನೀರು ಸಾಗಿಸುವ ಕಾಲುವೆಗಳನ್ನು ಹೂಳಿದ್ದರು. ಕಲ್ಲು ಸಿಗುತ್ತಿದ್ದದ್ದು ದೂರದ ತೂಸ್ತ್ಲಾ ಬೆಟ್ಟಗಳಲ್ಲಿ ಎಂಬುದನ್ನು ನೆನೆದರೆ ಈ ಚರಂಡಿ ಕೇವಲ ಅನುಕೂಲಕ್ಕಾಗಿ ಮಾಡಿದ್ದಲ್ಲ ಎಂದೆನಿಸುತ್ತದೆ.

ಅದರ ನಂತರದ ಲಾ ವೆಂತಾ (ಕ್ರಿ.ಪೂ. ಸುಮಾರು 900ರಿಂದ 400) ಇನ್ನಷ್ಟು ಸ್ಪಷ್ಟವಾದ ಉದಾಹರಣೆ. ಉತ್ತರದಿಂದ ಪಶ್ಚಿಮಕ್ಕೆ ಸುಮಾರು 8 ಡಿಗ್ರಿ ವಾಲಿದ ಒಂದು ಮಧ್ಯರೇಖೆಯ ಎರಡೂ ಬದಿಗೆ ದಿಬ್ಬಗಳು ಜೋಡಿಯಾಗಿ ನಿಂತಿವೆ. ಮೂವತ್ತು ಮೀಟರಿಗೂ ಎತ್ತರದ ಜೇಡಿಮಣ್ಣಿನ ಪಿರಮಿಡ್ ಅದೇ ರೇಖೆಯಲ್ಲಿದೆ. ಹಸಿರು ಸರ್ಪೆಂಟೈನ್ ಕಲ್ಲಿನ ಚಪ್ಪಡಿಗಳನ್ನು ವಿನ್ಯಾಸವಾಗಿ ಹಾಸಿ, ಆ ಕೂಡಲೇ ಮಣ್ಣು ಮುಚ್ಚಿದ ಕಾಣಿಕೆಗಳೂ ಆ ರೇಖೆಯನ್ನೇ ಅನುಸರಿಸುತ್ತವೆ. ಯಾರ ಕಣ್ಣಿಗೂ ಬೀಳದ ವಸ್ತುವನ್ನೂ ರೇಖೆಗೆ ಹೊಂದಿಸಿ ಇಟ್ಟಿದ್ದಾರೆ ಎಂಬುದು ಗಮನಿಸಬೇಕಾದ ಅಂಶ.

ಚೌಕುಳಿ ಬೀದಿಗಳ ಮಾದರಿಯನ್ನು ಹುಡುಕುವವರು ಗ್ವಾಟೆಮಾಲಾದ ಪೆತೆನ್ ಇತ್ಸಾ ಸರೋವರದ ದಂಡೆಯಲ್ಲಿರುವ ನಿಶ್ತೂನ್-ಚಿಚ್ ಎಂಬ ಮಾಯಾ ನೆಲೆಯನ್ನು ನೋಡಬೇಕು. ಕ್ರಿಸ್ತಪೂರ್ವದ ಮೊದಲ ಸಹಸ್ರಮಾನದ ಮಧ್ಯಭಾಗದಲ್ಲೇ ಇಲ್ಲಿ ಅಡ್ಡ-ಉದ್ದ ಬೀದಿಗಳು ಊರನ್ನು ಚೌಕಗಳಾಗಿ ವಿಭಾಗಿಸಿದ್ದವು ಎಂದು ತಿಮೊತಿ ಪ್ಯೂ ಮತ್ತು ಪ್ರುಡೆನ್ಸ್ ರೈಸ್ ತೋರಿಸಿಕೊಟ್ಟಿದ್ದಾರೆ. ಮಾಯಾ ಜಗತ್ತಿನಲ್ಲಿ ಇಂತಹದು ತೀರಾ ಅಪರೂಪ.

2020ರಲ್ಲಿ ಸುದ್ದಿಯಾದ ಆಗ್ವಾದಾ ಫೇನಿಕ್ಸ್ ಒಂದು ನಗರವೇ?

ಮೆಕ್ಸಿಕೊದ ತಬಾಸ್ಕೊ ರಾಜ್ಯದಲ್ಲಿ, ದನಗಳು ಮೇಯುತ್ತಿದ್ದ ಬಯಲಿನಲ್ಲಿ, ತಾಕೇಶಿ ಇನೊಮಾತಾ ಅವರ ತಂಡವು ಲಿಡಾರ್ (ವಿಮಾನದಿಂದ ಲೇಸರ್ ಕಿರಣ ಹಾಯಿಸಿ ನೆಲದ ಏರಿಳಿತ ಅಳೆಯುವ ವಿಧಾನ) ನೆರವಿನಿಂದ ಗುರುತಿಸಿದ ಈ ಜಗತಿಯ ಉದ್ದ ಸುಮಾರು 1,400 ಮೀಟರ್, ಅಗಲ ಸುಮಾರು 400 ಮೀಟರ್, ಎತ್ತರ 10ರಿಂದ 15 ಮೀಟರ್. ಕ್ರಿ.ಪೂ. 1000 ಮತ್ತು 800ರ ನಡುವೆ ಅದನ್ನು ಕಟ್ಟಲಾಗಿತ್ತು. ಅದು ಎಷ್ಟು ವಿಶಾಲವೆಂದರೆ, ಮೇಲೆ ನಿಂತವರಿಗೆ ಮನುಷ್ಯ ನಿರ್ಮಿತ ಎಂಬುದೇ ಹೊಳೆಯುವುದಿಲ್ಲ.

ಆದರೆ ನಗರ ಎನ್ನಲು ಬೇಕಾದ ದಟ್ಟ ಜನವಸತಿಯ ಕುರುಹು ಅಲ್ಲಿ ಸಿಕ್ಕಿಲ್ಲ. ಸಾನ್ ಲೊರೆಂಸೊದಲ್ಲಿರುವಂತಹ ಅರಸರ ಬೃಹತ್ ಶಿಲ್ಪಗಳೂ ಇಲ್ಲ. ಸುತ್ತಲಿನ ಜನರು ವರ್ಷದ ಕೆಲವು ಕಾಲ ಬಂದು ಸೇರಿ ಕಟ್ಟಿದ ಸಮಾವೇಶ ಸ್ಥಳ ಇದು ಎಂಬುದು ಉತ್ಖನನಕಾರರ ಅಭಿಪ್ರಾಯ. ಅಚ್ಚುಕಟ್ಟಾದ ಯೋಜನೆಗೆ ಪ್ರಬಲ ಅರಸನೂ ಬೇಡ, ನಗರವೂ ಬೇಡ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಾರದು.

ಮೊಂತೆ ಅಲ್ಬಾನ್ ನಗರವನ್ನು ನೀರಿಲ್ಲದ ಬೆಟ್ಟದ ಮೇಲೆ ಏಕೆ ಕಟ್ಟಿದರು?

ದಕ್ಷಿಣ ಮೆಕ್ಸಿಕೊದ ವಾಹಾಕಾ ಕಣಿವೆಯ ಮೂರು ಕವಲುಗಳು ಕೂಡುವಲ್ಲಿ, ತಳದಿಂದ ಸುಮಾರು 400 ಮೀಟರ್ ಎತ್ತರದಲ್ಲಿ, ಕ್ರಿ.ಪೂ. 500ರ ಸುಮಾರಿಗೆ ಜಾಪೊಟೆಕ್ ಜನರು ಈ ನಗರವನ್ನು ಸ್ಥಾಪಿಸಿದರು. ಅಲ್ಲಿ ಮೊದಲು ಹೇಳಿಕೊಳ್ಳುವಂತಹ ಊರೇ ಇರಲಿಲ್ಲ. ಫಲವತ್ತಾದ ಹೊಲಗಳು ಕೆಳಗಿದ್ದವು, ನೀರೂ ಕೆಳಗೇ ಇತ್ತು. ಹೀಗಿರುವಾಗ ಬೆಟ್ಟದ ನೆತ್ತಿಯನ್ನು ಸಮತಟ್ಟು ಮಾಡಿ ಮುನ್ನೂರು ಮೀಟರ್ ಉದ್ದದ ಚೌಕವನ್ನು ಹಾಸಲು ಹೊರಟದ್ದು ನಿರ್ಧಾರಪೂರ್ವಕ ಕಾರ್ಯ ಎಂಬುದರಲ್ಲಿ ಸಂಶಯವಿಲ್ಲ.

ಕಾರಣದ ಬಗ್ಗೆ ಮಾತ್ರ ಎರಡು ಬಣಗಳಿವೆ. 1970ರ ದಶಕದಲ್ಲಿ ಬೆಟ್ಟವನ್ನು ಪೂರ್ತಿ ಸಮೀಕ್ಷೆ ಮಾಡಿ ವಾಸಕ್ಕೆಂದು ಇಳಿಜಾರನ್ನು ಸಮತಟ್ಟು ಮಾಡಿದ ಎರಡು ಸಾವಿರಕ್ಕೂ ಹೆಚ್ಚು ಮೆಟ್ಟಿಲು ನೆಲಗಳನ್ನು ನಕ್ಷೆಗೆ ತಂದ ರಿಚರ್ಡ್ ಬ್ಲ್ಯಾಂಟನ್, ಕಣಿವೆಯ ಬೇರೆ ಬೇರೆ ಗುಂಪುಗಳು ಒಪ್ಪಂದ ಮಾಡಿಕೊಂಡು ಯಾರಿಗೂ ಸೇರದ ತಟಸ್ಥ ಜಾಗದಲ್ಲಿ ಎಲ್ಲರಿಗೂ ಸೇರಿದ ರಾಜಧಾನಿ ಕಟ್ಟಿಕೊಂಡವು ಎಂದು ವಾದಿಸಿದರು. ಆರಂಭದ ನೆಲೆಯಲ್ಲಿ ಮೂರು ಪ್ರತ್ಯೇಕ ವಸತಿ ಭಾಗಗಳು ಕಂಡದ್ದು ಅವರ ವಾದಕ್ಕೆ ಆಧಾರ. ಕೆಂಟ್ ಫ್ಲ್ಯಾನರಿ ಮತ್ತು ಜಾಯ್ಸ್ ಮಾರ್ಕಸ್ ಕಣಿವೆಯ ಹಳೆಯ ಮುಖ್ಯ ಊರಾದ ಸಾನ್ ಹೊಸೆ ಮೊಗೊತೆಯಲ್ಲಿ ಸುಟ್ಟ ದೇಗುಲವನ್ನು, ಬೆಟ್ಟದ ಸುತ್ತಲಿನ ರಕ್ಷಣಾ ಗೋಡೆಯನ್ನು, ಕೊಂದ ಶತ್ರುಗಳನ್ನು ಚಿತ್ರಿಸುವ ಮುನ್ನೂರಕ್ಕೂ ಹೆಚ್ಚು ಚಪ್ಪಡಿಗಳನ್ನು ತೋರಿಸಿ, ಇದು ಯುದ್ಧದ ಒತ್ತಡದಿಂದ ಹುಟ್ಟಿದ ನಗರ ಎನ್ನುತ್ತಾರೆ. ಈ ಎರಡನೆಯ ವಾದದ ಕಡೆಗೆ ಸಾಕ್ಷ್ಯದ ತೂಕ ಹೆಚ್ಚಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಈ ವಿಷಯದಲ್ಲಿ ತೆಯೋತಿವಾಕಾನ್ ಹೆಸರೇ ಮತ್ತೆ ಮತ್ತೆ ಬರುವುದೇಕೆ?

ಮೆಕ್ಸಿಕೊ ನಗರದ ಈಶಾನ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿರುವ ಈ ನಗರವು ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಬೆಳೆದು, ಉಚ್ಛ್ರಾಯದಲ್ಲಿ 20 ಚದರ ಕಿಲೋಮೀಟರ್ ವ್ಯಾಪಿಸಿ, ಸುಮಾರು ಒಂದು ಲಕ್ಷ ಜನರಿಗೆ ನೆಲೆಯಾಗಿತ್ತು. ಮೆಸೊಅಮೆರಿಕದ ಬೇರೆ ನಗರಗಳಲ್ಲಿ ಯೋಜನೆ ಸಾಮಾನ್ಯವಾಗಿ ನಡುವಿನ ಚೌಕ, ದೇಗುಲ, ಅರಮನೆಗಳಿಗೆ ಸೀಮಿತವಾಗಿರುತ್ತದೆ. ಇಲ್ಲಿ ಅದು ಕುಂಬಾರನ ಮನೆಯ ಗೋಡೆಯವರೆಗೆ, ಹರಿಯುವ ಹೊಳೆಯ ಪಾತ್ರದವರೆಗೆ ಮುಟ್ಟಿದೆ. ಈ ಮಟ್ಟದ ಹಿಡಿತ ಆ ಖಂಡದಲ್ಲಿ ಅದಕ್ಕೆ ಮೊದಲು ಎಲ್ಲೂ ಇರಲಿಲ್ಲ.

ಅಷ್ಟು ದೊಡ್ಡ ನಗರದ ನಕ್ಷೆಯನ್ನು ಅಗೆಯದೆ ಹೇಗೆ ತಯಾರಿಸಿದರು?

ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ವಿದ್ವಾಂಸರ ಗಮನವೆಲ್ಲ ಪಿರಮಿಡ್ಡುಗಳ ಮೇಲಿತ್ತು. ಸ್ವೀಡನ್ನಿನ ಸಿಗ್ವಾಲ್ಡ್ ಲಿನ್ನೆ 1930ರ ದಶಕದಲ್ಲಿ ಹೊಲಗಳ ನಡುವೆ ಅಗೆದು ಒತ್ತಾದ ಕೋಣೆಗಳ ಕಟ್ಟಡಗಳನ್ನು ಬೆಳಕಿಗೆ ತಂದರು. ಅಷ್ಟಾದರೂ ತೆಯೋತಿವಾಕಾನ್ ಅರ್ಚಕರಷ್ಟೇ ವಾಸಿಸುತ್ತಿದ್ದ ಪುಣ್ಯಕ್ಷೇತ್ರ, ಜನ ತುಂಬಿದ ನಗರವಲ್ಲ ಎಂಬ ಅಭಿಪ್ರಾಯ ಪೂರ್ತಿ ಅಳಿಯಲಿಲ್ಲ. ಅದನ್ನು ಅಳಿಸಿದ್ದು ರೆನೆ ಮಿಲ್ಲನ್ 1962ರಲ್ಲಿ ಆರಂಭಿಸಿದ ತೆಯೋತಿವಾಕಾನ್ ನಕ್ಷಾ ಯೋಜನೆ.

ವಿಧಾನ ಸರಳ, ಶ್ರಮ ಅಪಾರ. ವಿಮಾನದಿಂದ ತೆಗೆದ ಚಿತ್ರಗಳ ಆಧಾರದ ಮೇಲೆ ಮೂಲ ನಕ್ಷೆ ಬರೆದು, ಅದನ್ನು ಪ್ರಾಚೀನ ನಗರದ ದಿಕ್ಕಿಗೇ ಹೊಂದಿಸಿದ 500 ಮೀಟರ್ ಚೌಕಗಳಾಗಿ ಹಂಚಿ, ತಂಡದವರು ಆ ಚೌಕಗಳನ್ನು ಹೊಲದಿಂದ ಹೊಲಕ್ಕೆ ನಡೆದು ನೋಡಿದರು. ಉಳುಮೆಯಿಂದ ಮೇಲೆ ಬಂದ ಮಡಕೆ ಚೂರು, ಅಬ್ಸಿಡಿಯನ್ (ಜ್ವಾಲಾಮುಖಿಯ ಗಾಜಿನಂತಹ ಕಲ್ಲು) ಚಕ್ಕೆ, ಸುಣ್ಣದ ಗಾರೆಯ ತುಣುಕು, ಗೋಡೆಯ ಸಾಲುಕಲ್ಲು ಇವೆಲ್ಲವನ್ನೂ ಸುಮಾರು 5,000 ತಾಕುಗಳಲ್ಲಿ ದಾಖಲಿಸಿ, ಮಾದರಿ ಸಂಗ್ರಹಿಸಿದರು. ಮಡಕೆಯ ಶೈಲಿ ಕಾಲವನ್ನು ಹೇಳುತ್ತದೆ, ಗಾರೆಯ ತುಣುಕು ವಸತಿಯ ಗುಣಮಟ್ಟವನ್ನು ಹೇಳುತ್ತದೆ, ಅಬ್ಸಿಡಿಯನ್ ಚಕ್ಕೆಯ ರಾಶಿ ಕುಶಲಕರ್ಮಿಯ ಕಾರ್ಯಾಗಾರವನ್ನು ತೋರಿಸುತ್ತದೆ. ಜಾರ್ಜ್ ಕೌಗಿಲ್ ಈ ದತ್ತಾಂಶವನ್ನು 1960ರ ದಶಕದಲ್ಲೇ ಕಂಪ್ಯೂಟರಿಗೆ ಅಳವಡಿಸಿ ವಿಶ್ಲೇಷಿಸಿದರು. ಆ ಕಾಲದ ಪುರಾತತ್ತ್ವದಲ್ಲಿ ಅದು ಅಪರೂಪದ ಕೆಲಸವಾಗಿತ್ತು.

1973ರಲ್ಲಿ ಪ್ರಕಟವಾದ ನಕ್ಷೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಸತಿ ಸಂಕೀರ್ಣಗಳು ಕಾಣಿಸಿಕೊಂಡವು. ಅರ್ಧ ಶತಮಾನ ಕಳೆದ ಮೇಲೂ ಹೊಸ ಉತ್ಖನನಗಳ ಜಾಗವನ್ನು ಆರಿಸುವಾಗ ಆ ಹಾಳೆಗಳನ್ನೇ ಹರಡಿಕೊಳ್ಳುತ್ತಾರೆ. ಈಗ ಲಿಡಾರ್ ಇದೆಯಲ್ಲ ಎಂದು ಕೇಳುವವರಿಗೆ ಒಂದು ಮಾತು: ಲೇಸರ್ ಕಿರಣ ನೆಲದ ಏರಿಳಿತವನ್ನು ಸೆಂಟಿಮೀಟರುಗಳ ಲೆಕ್ಕದಲ್ಲಿ ಅಳೆಯಬಲ್ಲದು, ಆದರೆ ಮಡಕೆ ಚೂರನ್ನು ಹೆಕ್ಕಲಾರದು.

ನಗರವು ಉತ್ತರಕ್ಕೆ ಸರಿಯಾಗಿ ಮುಖ ಮಾಡದೆ 15.5 ಡಿಗ್ರಿ ವಾಲಿರುವುದು ಏಕೆ?

ಮೃತರ ಬೀದಿ ಎಂದು ಮುಂದೆ ಆಜ್ಟೆಕರು ಕರೆದ ಸುಮಾರು 40 ಮೀಟರ್ ಅಗಲದ ಮುಖ್ಯ ಬೀದಿಯು ಉತ್ತರದಿಂದ ಪೂರ್ವಕ್ಕೆ ಸುಮಾರು 15.5 ಡಿಗ್ರಿ ವಾಲಿದೆ. ಹಲವಾರು ಕಿಲೋಮೀಟರ್ ದೂರದ ಮನೆಗಳ ಗೋಡೆಗಳೂ ಅದೇ ಕೋನವನ್ನು ಪಾಲಿಸುತ್ತವೆ. ಆದ್ದರಿಂದ ಕೋನದ ಆಯ್ಕೆ ಆಕಸ್ಮಿಕವಲ್ಲ.

ಎರಡು ವಿವರಣೆಗಳು ಗಂಭೀರವಾಗಿ ಪರಿಗಣಿಸಲು ಯೋಗ್ಯ. ಮೊದಲನೆಯದು ಭೂದೃಶ್ಯ: ದಕ್ಷಿಣದಿಂದ ಬೀದಿಯಲ್ಲಿ ನಡೆದು ಬರುವವರಿಗೆ ಅದರ ಉತ್ತರ ತುದಿಯ ಚಂದ್ರ ಪಿರಮಿಡ್ಡಿನ ಹಿಂದೆ ಸೆರ್ರೊ ಗೋರ್ದೊ ಬೆಟ್ಟ ಕಾಣುತ್ತದೆ, ಪಿರಮಿಡ್ಡಿನ ಆಕಾರ ಬೆಟ್ಟದ ಆಕಾರವನ್ನು ಅನುಕರಿಸುತ್ತದೆ. ಎರಡನೆಯದು ಪಂಚಾಂಗ: ಸೂರ್ಯ ಪಿರಮಿಡ್ಡು ಮುಖ ಮಾಡಿರುವ ದಿಕ್ಕಿನಲ್ಲಿ ಏಪ್ರಿಲ್ 30 ಮತ್ತು ಆಗಸ್ಟ್ 13ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಆಗಸ್ಟ್ 13ರಿಂದ ಮುಂದಿನ ಏಪ್ರಿಲ್ ಕೊನೆಯವರೆಗೆ ಎಣಿಸಿದರೆ 260 ದಿನ, ಅಂದರೆ ಆಚರಣೆಯ ಪಂಚಾಂಗದ ಒಂದು ಪೂರ್ಣ ಸುತ್ತು. ಸ್ಲೊವೇನಿಯಾದ ಇವಾನ್ ಶ್ಪ್ರಾಯ್ಟ್ಸ್ ಅನೇಕ ನಗರಗಳ ದಿಕ್ಕುಗಳನ್ನು ಅಳೆದು, ಇಂತಹ ಮಧ್ಯಂತರಗಳು ಬೇಸಾಯದ ಕಾಲಕ್ಕೂ ಆಚರಣೆಗೂ ಸಂಬಂಧಿಸಿವೆ ಎಂದು ವಾದಿಸಿದ್ದಾರೆ. ಕೃತ್ತಿಕಾ ನಕ್ಷತ್ರ ಪುಂಜ ಮುಳುಗುವ ದಿಕ್ಕಿಗೂ ನಗರದ ಅಡ್ಡ ಅಕ್ಷಕ್ಕೂ ನಂಟು ಹೇಳುವ ವಾದವೂ ಉಂಟು.

ನೆಲದ ಮೇಲಿನ ಸಾಕ್ಷ್ಯವೊಂದು ಈ ಚರ್ಚೆಯನ್ನು ಊಹೆಯ ಮಟ್ಟದಿಂದ ಮೇಲೆತ್ತುತ್ತದೆ. ಗಾರೆಯ ನೆಲದಲ್ಲಿ ಮತ್ತು ಸುತ್ತಲಿನ ಬೆಟ್ಟಗಳ ಬಂಡೆಗಳಲ್ಲಿ, ಸಣ್ಣ ಕುಳಿಗಳನ್ನು ಸಾಲಾಗಿ ಕುಟ್ಟಿ ಮಾಡಿದ ವೃತ್ತ ಮತ್ತು ಕೂಡುಗೆರೆಯ ಗುರುತುಗಳು ಸಿಕ್ಕಿವೆ. ಇವುಗಳಲ್ಲಿ ಕೆಲವನ್ನು ರೇಖೆ ಹಿಡಿಯಲು ಬಳಸಿರಬೇಕು, ಕುಳಿಗಳ ಸಂಖ್ಯೆಯನ್ನು ನೋಡಿದರೆ ಕೆಲವನ್ನು ದಿನ ಎಣಿಸಲು ಬಳಸಿದಂತೆ ತೋರುತ್ತದೆ. ಆದರೆ ಎಚ್ಚರವೂ ಅಗತ್ಯ. ಆಕಾಶದಲ್ಲಿ ನಕ್ಷತ್ರಗಳಿಗೂ ವರ್ಷದಲ್ಲಿ ದಿನಗಳಿಗೂ ಕೊರತೆಯಿಲ್ಲ. ಹುಡುಕುತ್ತಾ ಹೋದರೆ ಯಾವ ಗೋಡೆಗೂ ಒಂದು ನಕ್ಷತ್ರ ಸಿಕ್ಕೇ ಸಿಗುತ್ತದೆ.

ಪಿರಮಿಡ್ಡುಗಳು ಮೊದಲೇ ಬರೆದ ಒಂದೇ ನಕ್ಷೆಯಂತೆ ಎದ್ದವೇ?

ಇಲ್ಲ ಎನ್ನಬೇಕು, ಆದರೆ ವಿವರಣೆ ಬೇಕು. ಸಾಬುರೊ ಸುಗಿಯಾಮಾ ಮತ್ತು ರುಬೇನ್ ಕಬ್ರೇರಾ 1998ರಿಂದ 2004ರವರೆಗೆ ಚಂದ್ರ ಪಿರಮಿಡ್ಡಿನೊಳಗೆ ಸುರಂಗ ಕೊರೆದಾಗ, ಒಂದರ ಮೇಲೊಂದು ಕಟ್ಟಿದ ಏಳು ಹಂತಗಳು ಕಂಡವು. ತೀರಾ ಒಳಗಿನ ಮೊದಲ ಕಟ್ಟಡ ಚಿಕ್ಕದು, ಅದರ ಕೋನ ನಗರದ ಕೋನಕ್ಕೆ ಸರಿಯಾಗಿ ಹೊಂದುವುದಿಲ್ಲ. ನಡುವಿನ ಹಂತವೊಂದರಲ್ಲಿ ಕಟ್ಟಡ ಒಮ್ಮೆಲೇ ಬೃಹತ್ತಾಗಿ ಹಿಗ್ಗುತ್ತದೆ, ಬಲಿಯಾದ ಮನುಷ್ಯರು, ಪೂಮಾ, ತೋಳ, ಹದ್ದುಗಳ ಸಮಾಧಿಗಳು ಅದರೊಳಗೆ ಸೇರುತ್ತವೆ. ಹೆಚ್ಚುಕಡಿಮೆ ಅದೇ ಕಾಲಘಟ್ಟದಲ್ಲಿ, ಕ್ರಿ.ಶ. 200ರಿಂದ 250ರ ಆಸುಪಾಸಿನಲ್ಲಿ, ಸುಮಾರು 225 ಮೀಟರ್ ಬದಿಯ ಸೂರ್ಯ ಪಿರಮಿಡ್ಡೂ ಸಿಯುದಾದೆಲಾ ಎಂಬ ವಿಶಾಲ ಆವರಣದೊಳಗಿನ ಗರಿಸರ್ಪ (ಗರಿಗಳುಳ್ಳ ಸರ್ಪದೇವತೆ) ಪಿರಮಿಡ್ಡೂ ರೂಪುಗೊಂಡವು. ಅಂದರೆ ನಗರಕ್ಕೆ ಮೊದಲೊಂದು ಚದುರಿದ ರೂಪವಿತ್ತು, ಎರಡು-ಮೂರು ತಲೆಮಾರುಗಳ ಅವಧಿಯಲ್ಲಿ ಅದನ್ನು ಒಂದು ಮಹಾಯೋಜನೆಗೆ ಒಗ್ಗಿಸಲಾಯಿತು.

ಸುಮಾರು 83 ಸೆಂಟಿಮೀಟರಿನ ಅಳತೆಯ ಮಾನವೊಂದನ್ನು ಬಳಸಿ ಈ ಕಟ್ಟಡಗಳನ್ನು, ಅವುಗಳ ನಡುವಿನ ಅಂತರಗಳನ್ನು ನಿಗದಿಪಡಿಸಿದ್ದರು, ಬರುವ ಸಂಖ್ಯೆಗಳು ಪಂಚಾಂಗದ ಸಂಖ್ಯೆಗಳೇ ಆಗಿವೆ ಎಂಬುದು ಸುಗಿಯಾಮಾ ಅವರ ವಾದ. ಗರಿಸರ್ಪ ಪಿರಮಿಡ್ಡಿನ ಸುತ್ತ ಮತ್ತು ಒಳಗೆ ಬಲಿಯಾದವರನ್ನು 9, 18, 20ರ ಗುಂಪುಗಳಲ್ಲಿ ಹೂಳಿರುವುದು ಈ ವಾದಕ್ಕೆ ಬಲ ಕೊಡುತ್ತದೆ. ಸೂರ್ಯ ಪಿರಮಿಡ್ಡಿನ ಮಟ್ಟಿಗೆ ಮಾತ್ರ ಕರಾರುವಾಕ್ಕಾದ ಅಳತೆಯ ಮಾತನ್ನು ಜೋಪಾನವಾಗಿ ಸ್ವೀಕರಿಸಬೇಕು. 1905ರ ನಂತರ ಅದನ್ನು ತೆರವುಗೊಳಿಸಿದ ಲೆಯೊಪೊಲ್ದೊ ಬಾತ್ರೆಸ್ ಹೊರಮೈಯ ಹಲವು ಮೀಟರ್ ದಪ್ಪದ ಪದರವನ್ನೇ ಕಿತ್ತುಹಾಕಿದ್ದರಿಂದ, ಇಂದು ನಾವು ನೋಡುವ ಮೇಲ್ಮೈ ಮೂಲ ನಿರ್ಮಾತೃಗಳು ಬಿಟ್ಟುಹೋದದ್ದಲ್ಲ.

ಸಾಮಾನ್ಯ ಜನರು ಎಲ್ಲಿ ವಾಸಿಸುತ್ತಿದ್ದರು?

ಈ ನಗರದ ನಿಜವಾದ ವೈಶಿಷ್ಟ್ಯ ಇಲ್ಲಿದೆ. ಕ್ರಿ.ಶ. ಮೂರನೆಯ ಶತಮಾನದಿಂದೀಚೆಗೆ ಬಹುಪಾಲು ಜನರು ಗಟ್ಟಿ ಗೋಡೆಯ ವಸತಿ ಸಂಕೀರ್ಣಗಳಿಗೆ ಸ್ಥಳಾಂತರಗೊಂಡರು. ಒಂದೊಂದರ ಬದಿ ಸುಮಾರು 60 ಮೀಟರ್ ಇರುವುದುಂಟು, ಚಿಕ್ಕವೂ ಇವೆ, ದೊಡ್ಡವೂ ಇವೆ. ಬೀದಿಯ ಕಡೆಗೆ ಕಿಟಕಿಯಿಲ್ಲದ ಎತ್ತರದ ಗೋಡೆ, ಒಳಹೋದರೆ ಆಕಾಶಕ್ಕೆ ತೆರೆದ ಅಂಗಳ, ಅದರ ಸುತ್ತ ಜಗಲಿ ಮತ್ತು ಕೋಣೆಗಳು. ನಮ್ಮ ತೊಟ್ಟಿಮನೆಯ ಹಲವಾರು ತೊಟ್ಟಿಗಳನ್ನು ಒಂದೇ ಪೌಳಿಯೊಳಗೆ ಸೇರಿಸಿದಂತೆ. ಅಂತಹ ಒಂದು ಸಂಕೀರ್ಣದಲ್ಲಿ ಹಲವು ಕುಟುಂಬಗಳು, 60ರಿಂದ 100 ಜನರು, ವಾಸಿಸುತ್ತಿದ್ದರು. ಮುಖ್ಯ ಅಂಗಳದಲ್ಲಿ ಎಲ್ಲರಿಗೂ ಸೇರಿದ ಪುಟ್ಟ ದೇಗುಲ ಅಥವಾ ವೇದಿಕೆ, ನೆಲದಡಿ ಹಿರಿಯರ ಸಮಾಧಿ, ಮಳೆನೀರು ಹೊರಹೋಗಲು ಮೊದಲೇ ಹೂಳಿದ ಚರಂಡಿ ಇರುತ್ತಿದ್ದವು.

ನೆಲಕ್ಕೂ ಗೋಡೆಗೂ ಸುಣ್ಣದ ಗಾರೆ ಬಳಿಯುತ್ತಿದ್ದರು. ಆ ಸುಣ್ಣ ಅಲ್ಲೇ ಸಿಗುವಂತಹದಲ್ಲ, ಅದರ ಗಣನೀಯ ಭಾಗ ಸುಮಾರು 60 ಕಿಲೋಮೀಟರ್ ದೂರದ ತೂಲಾ ಪ್ರದೇಶದಿಂದ ಬರುತ್ತಿತ್ತು ಎಂದು ಲೂಯಿಸ್ ಬಾರ್ಬಾ ಮತ್ತು ಸಹೋದ್ಯೋಗಿಗಳ ರಾಸಾಯನಿಕ ಪರೀಕ್ಷೆಗಳು ತೋರಿಸಿವೆ. ಬಂಡಿಯಾಗಲಿ ಹೇರುವ ಪ್ರಾಣಿಯಾಗಲಿ ಇಲ್ಲದ ನಾಡಿನಲ್ಲಿ ಅದನ್ನು ಹೊತ್ತು ತಂದದ್ದು ಮನುಷ್ಯರ ಬೆನ್ನು.

ಎಲ್ಲರಿಗೂ ಒಂದೇ ಬಗೆಯ ಬದುಕು ಇತ್ತೆಂದು ತಿಳಿಯಬಾರದು. ತೆತಿತ್ಲಾ ಮತ್ತು ಸಾಕ್ವಾಲಾ ಸಂಕೀರ್ಣಗಳ ಗೋಡೆಗಳ ಮೇಲೆ ವರ್ಣಚಿತ್ರಗಳಿವೆ. ಲಿಂಡಾ ಮನ್ಸನಿಯಾ ಅಗೆದ ಓಸ್ತೊಯಾವಾಲ್ಕೊದ ಸಂಕೀರ್ಣದಲ್ಲಿ ಸಾಧಾರಣ ಕುಟುಂಬಗಳಿದ್ದವು. ಅಲ್ಲಿನ ಗಾರೆ ನೆಲ ಹೀರಿಕೊಂಡ ಫಾಸ್ಫೇಟ್ ಮುಂತಾದವುಗಳ ಅಂಶವನ್ನು ಅಳೆದು, ಅಡುಗೆ ಎಲ್ಲಿ ಮಾಡುತ್ತಿದ್ದರು, ಕಸುಬಿನ ಕೆಲಸ ಎಲ್ಲಿ ನಡೆಯುತ್ತಿತ್ತು ಎಂಬುದನ್ನು ಕೋಣೆಕೋಣೆಗೂ ಗುರುತಿಸಲಾಯಿತು. ದಕ್ಷಿಣ ಅಂಚಿನ ತ್ಲಾಹಿಂಗಾ 33 ಎಂಬ ಸಂಕೀರ್ಣದಲ್ಲಿ ಕುಂಬಾರರೂ ಕಲ್ಲು ನಯಗೊಳಿಸುವವರೂ ಇದ್ದರು, ಅವರ ಎಲುಬುಗಳನ್ನು ಅಧ್ಯಯನ ಮಾಡಿದ ರೆಬೆಕ್ಕಾ ಸ್ಟೋರಿ, ಅಪೌಷ್ಟಿಕತೆ ಮತ್ತು ಮಕ್ಕಳ ಸಾವಿನ ಪ್ರಮಾಣ ಅಲ್ಲಿ ಹೆಚ್ಚಿತ್ತೆಂದು ಕಂಡುಕೊಂಡರು. ಪಶ್ಚಿಮದ ತ್ಲೈಲೊತ್ಲಾಕಾನ್ ಕೇರಿಯಲ್ಲಿ ವಾಹಾಕಾದಿಂದ ಬಂದವರು ತಮ್ಮ ನಾಡಿನ ಶೈಲಿಯ ಗೋರಿ ಮತ್ತು ಮಣ್ಣಿನ ಪಾತ್ರೆಗಳನ್ನು ತಲೆಮಾರುಗಳ ಕಾಲ ಉಳಿಸಿಕೊಂಡಿದ್ದರು. ವಿಶೇಷವೆಂದರೆ ಅವರ ಮನೆಗಳ ಹೊರಗೋಡೆ ಮಾತ್ರ ನಗರದ ಕೋನವನ್ನೇ ಪಾಲಿಸುತ್ತಿತ್ತು. ಪೂರ್ವದಲ್ಲಿದ್ದ ವರ್ತಕರ ಕೇರಿ ಎಂದು ಹೆಸರಾದ ಭಾಗದಲ್ಲಿ, ಗಲ್ಫ್ ಕರಾವಳಿಯ ನಂಟಿನವರು ದುಂಡನೆಯ ಮನೆಗಳನ್ನು ಕಟ್ಟಿಕೊಂಡಿದ್ದರು. ನಿಯಮಕ್ಕೂ ವಿನಾಯಿತಿಗಳಿದ್ದವು ಎಂದಾಯಿತು.

ನೀರಿನ ವ್ಯವಸ್ಥೆ ಹೇಗಿತ್ತು?

ನಗರದ ನಡುವೆ ಹರಿಯುವ ಸಾನ್ ಹುವಾನ್ ಹೊಳೆಯ ಪಾತ್ರವನ್ನೇ ಬದಲಿಸಿ, ಅದು ಮುಖ್ಯ ಬೀದಿಯನ್ನು ಲಂಬಕೋನದಲ್ಲಿ ದಾಟುವಂತೆ ಮಾಡಿದ್ದರು. ಕೆಳಭಾಗದಲ್ಲಿ, ನಗರದ ನೈರುತ್ಯಕ್ಕಿದ್ದ ಬುಗ್ಗೆಗಳ ನೀರು ಹೊಲಗಳಿಗೆ ಹರಿಯುತ್ತಿತ್ತು.

ಇಷ್ಟೆಲ್ಲ ಯೋಜಿಸಿದವರು ಯಾರು? ಅರಸನೊಬ್ಬನಿದ್ದನೇ?

ಮಾಯಾ ನಗರಗಳಲ್ಲಿ ಅರಸರ ಹೆಸರು, ಪಟ್ಟಾಭಿಷೇಕದ ದಿನ, ಯುದ್ಧ ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ. ತೆಯೋತಿವಾಕಾನ್‌ನಲ್ಲಿ ಅರಸನೆಂದು ಖಚಿತವಾಗಿ ಗುರುತಿಸಬಹುದಾದ ಒಂದು ಶಿಲ್ಪವೂ ಇಲ್ಲ, ರಾಜಸಮಾಧಿಯೂ ಸಿಕ್ಕಿಲ್ಲ. ನಾಲ್ಕು ಭಾಗಗಳ ಪ್ರತಿನಿಧಿಗಳು ಸೇರಿ ಆಳುತ್ತಿದ್ದರು ಎಂದು ಮನ್ಸನಿಯಾ ಪ್ರತಿಪಾದಿಸುತ್ತಾರೆ. ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿಕೊಟ್ಟು ಗರಿಸರ್ಪ ಪಿರಮಿಡ್ ಎತ್ತಿಸಿದ್ದು ಪ್ರಬಲ ಅರಸನಲ್ಲದೆ ಮತ್ತಾರು ಎಂದು ಸುಗಿಯಾಮಾ ಕೇಳುತ್ತಾರೆ. ಕೌಗಿಲ್ ಈ ಎರಡನ್ನೂ ಕಾಲದ ಸಾಲಿನಲ್ಲಿಟ್ಟು ನೋಡಿದರು: ಆರಂಭದಲ್ಲಿ ಏಕಾಧಿಕಾರ ಬಲವಾಗಿತ್ತು, ನಾಲ್ಕನೆಯ ಶತಮಾನದಲ್ಲಿ ಗರಿಸರ್ಪ ಪಿರಮಿಡ್ಡಿನ ಮುಂಭಾಗವನ್ನು ಹೊಸ ಜಗತಿಯಿಂದ ಮುಚ್ಚಿದ ಹೊತ್ತಿಗೆ ಆಡಳಿತದ ಸ್ವರೂಪ ಬದಲಾಗಿತ್ತು. ಪಿರಮಿಡ್ಡುಗಳಿಗೆ ಹೋಗುತ್ತಿದ್ದ ಶ್ರಮ ವಸತಿ ಸಂಕೀರ್ಣಗಳ ಕಡೆ ಹರಿದದ್ದೂ ಸರಿಸುಮಾರು ಆ ಅವಧಿಯಲ್ಲೇ ಆದ್ದರಿಂದ ಈ ವಿವರಣೆ ಹೆಚ್ಚು ಒಪ್ಪುತ್ತದೆ. ಇತ್ತ, ಕ್ರಿ.ಶ. 378ರಲ್ಲಿ ಸಿಯಾಹ್ ಕಾಕ್ ಎಂಬಾತ ಪಶ್ಚಿಮದಿಂದ ಮಾಯಾ ನಗರವಾದ ತಿಕಾಲ್‌ಗೆ ಬಂದದ್ದನ್ನು ಅಲ್ಲಿನ ಶಾಸನಗಳು ಹೇಳುತ್ತವೆ. ಅದರ ಹಿಂದೆ ತೆಯೋತಿವಾಕಾನ್ ಇತ್ತೆಂದು ಹಲವರು ಓದುತ್ತಾರೆ.

ಮಾಯಾ ನಗರಗಳಿಗೆ ಯೋಜನೆ ಇರಲಿಲ್ಲವೇ?

ಇತ್ತು, ಬೇರೆ ಬಗೆಯಲ್ಲಿ. ಬೆಲೀಜ್‌ನ ಕರಾಕೊಲ್‌ನಲ್ಲಿ ಆರ್ಲನ್ ಮತ್ತು ಡಯೇನ್ ಚೇಸ್ 2009ರಲ್ಲಿ ಮಾಡಿಸಿದ ಲಿಡಾರ್ ಸಮೀಕ್ಷೆ ಸುಮಾರು 200 ಚದರ ಕಿಲೋಮೀಟರ್ ಕಾಡಿನಡಿಯ ನೆಲವನ್ನು ತೆರೆದಿಟ್ಟಿತು. ನಡುವಿನಿಂದ ಹೊರಟ ಏರುರಸ್ತೆಗಳು, ಅವುಗಳ ತುದಿಯಲ್ಲಿ ಚೌಕಗಳು, ಎಲ್ಲೆಡೆ ಬೇಸಾಯದ ಮೆಟ್ಟಿಲುಗಳು, ಅವುಗಳ ನಡುವೆ ಬಿಡಿಬಿಡಿಯಾಗಿ ಮನೆಗಳು ಕಂಡುಬಂದವು. ಹೊಲ ಊರಿನ ಹೊರಗಿರದೆ ಒಳಗೇ ಇತ್ತು. 2018ರಲ್ಲಿ ಪ್ರಕಟವಾದ ಉತ್ತರ ಗ್ವಾಟೆಮಾಲಾದ ಸಮೀಕ್ಷೆಯು 2,144 ಚದರ ಕಿಲೋಮೀಟರುಗಳಲ್ಲಿ 61,480 ಕಟ್ಟಡಗಳನ್ನು ಎಣಿಸಿತು. ಇಂತಹ ವಿರಳ ವಸತಿಯ ನಗರಗಳಲ್ಲಿ ಯೋಜನೆಯನ್ನು ಬೀದಿಯ ನೇರದಲ್ಲಿ ಹುಡುಕಿದರೆ ಸಿಗದು, ಕೆರೆ, ಏರುರಸ್ತೆ, ಚೌಕಗಳ ಜೋಡಣೆಯಲ್ಲಿ ಹುಡುಕಬೇಕು.

ತೆಯೋತಿವಾಕಾನ್ ಹೇಗೆ ಕೊನೆಗೊಂಡಿತು?

ಕ್ರಿ.ಶ. ಆರನೆಯ ಶತಮಾನದ ಮಧ್ಯದಲ್ಲಿ ಮುಖ್ಯ ಬೀದಿಯ ಇಕ್ಕೆಲದ ದೇಗುಲ ಮತ್ತು ಸಾರ್ವಜನಿಕ ಕಟ್ಟಡಗಳನ್ನು ಆರಿಸಿ ಸುಡಲಾಯಿತು, ವಿಗ್ರಹಗಳನ್ನು ಒಡೆದು ಚೆಲ್ಲಲಾಯಿತು. ವಸತಿ ಸಂಕೀರ್ಣಗಳಲ್ಲಿ ಬೆಂಕಿಯ ಗುರುತು ಬಹಳ ಕಡಿಮೆ. ಹೊರಗಿನ ದಾಳಿಗಿಂತ ಒಳಗಿನ ದಂಗೆಗೆ ಈ ಚಿತ್ರ ಹೆಚ್ಚು ಹೊಂದುತ್ತದೆ ಎಂಬುದು ಹಲವರ ಅಭಿಪ್ರಾಯ. ಜನರು ಪೂರ್ತಿ ಖಾಲಿ ಮಾಡಲಿಲ್ಲ, ಸಂಖ್ಯೆ ಕುಗ್ಗಿದರೂ ಅಲ್ಲಿ ವಾಸ ಮುಂದುವರಿಯಿತು.

ಆ ಯೋಜನೆಯ ಕುರುಹು ಇಂದು ಎಷ್ಟು ಉಳಿದಿದೆ?

ಪ್ರಾಚೀನ ನಗರದ ದೊಡ್ಡ ಭಾಗ ಸಂರಕ್ಷಿತ ವಲಯದ ಬೇಲಿಯ ಹೊರಗೆ, ಸಾನ್ ಹುವಾನ್ ತೆಯೋತಿವಾಕಾನ್ ಮುಂತಾದ ಊರುಗಳ ಮನೆ ಮತ್ತು ಹೊಲಗಳ ಕೆಳಗಿದೆ. ನವಾ ಸುಗಿಯಾಮಾ ಅವರ ತಂಡ 2021ರಲ್ಲಿ ಪ್ರಕಟಿಸಿದ ಲಿಡಾರ್ ಅಧ್ಯಯನದ ಪ್ರಕಾರ, ಇಂದಿನ ಜನವಸತಿಯ ಪ್ರದೇಶದ ಸುಮಾರು ಶೇ 65 ಭಾಗದಲ್ಲಿ ಪ್ರಾಚೀನ ಕೋನಕ್ಕೆ ಹೊಂದುವ ಗಡಿ, ಗೋಡೆ ಅಥವಾ ಕಟ್ಟಡಗಳಿವೆ. ನೆಲದಡಿಯ ಹಳೆಯ ಗೋಡೆಯನ್ನು ಕಿತ್ತು ತೆಗೆಯುವುದಕ್ಕಿಂತ ಅದರ ಗುಂಟವೇ ಹೊಲದ ಬದು ಹಾಕುವುದು ರೈತನಿಗೆ ಸುಲಭ, ಆ ಬದುವೇ ಮುಂದೆ ಮನೆಯ ಎಲ್ಲೆಯಾಗುತ್ತದೆ. ಅದೇ ಅಧ್ಯಯನವು, ಮಿಲ್ಲನ್ ತಂಡ ಗುರುತಿಸಿದ್ದ ನೂರಾರು ಕುರುಹುಗಳನ್ನು ಕಟ್ಟಡ ಸಾಮಗ್ರಿಗಾಗಿ ನಡೆಸುವ ಗಣಿಗಾರಿಕೆ ಈಗಾಗಲೇ ಅಳಿಸಿದೆ ಎಂಬುದನ್ನೂ ದಾಖಲಿಸಿದೆ. ಪ್ರವಾಸಿಗರು ಪಿರಮಿಡ್ಡುಗಳ ಜೊತೆಗೆ ಪೂರ್ವ ಬದಿಯ ತೆಪಾಂತಿತ್ಲಾ ಮತ್ತು ಪಶ್ಚಿಮ ಬದಿಯ ತೆತಿತ್ಲಾ, ಅತೆತೆಲ್ಕೊ ಸಂಕೀರ್ಣಗಳಿಗೆ ಹೋದರೆ ಅಂಗಳ, ಚರಂಡಿ, ವರ್ಣಚಿತ್ರಗಳನ್ನು ಹತ್ತಿರದಿಂದ ನೋಡಬಹುದು.